ಹೆಸರಿಲ್ಲದ ಸ್ಪೀಕರ್‌ಗೆ ಐದು ರೂಪಾಯಿಯ ತೂಕ

ಕಲಬುರಗಿಯ ಗುಜರಿ ಅಂಗಡಿಯೊಂದರಲ್ಲಿ ಆರೂವರೆ ಇಂಚಿನ ಸ್ಪೀಕರ್ ಸಿಕ್ಕಿತು. ಸದ್ದು ಹೊರಡಿಸುವ ಮುಂದಿನ ಕೋನ್ ಎಲ್ಲೂ ಹರಿದಿರಲಿಲ್ಲ, ಬೆರಳಿಂದ ಒತ್ತಿದರೆ ಅದರ ಹಿಂದಿನ ತಂತಿಸುರುಳಿ, ಅಂದರೆ ಕಾಯಿಲ್, ಉಜ್ಜದೆ ಒಳಹೋಗಿ ಬರುತ್ತಿತ್ತು. ಮ್ಯಾಗ್ನೆಟ್ಟಿನ ಬೆನ್ನಿಗಿದ್ದ ಚೀಟಿ ಮಾತ್ರ ಕಿತ್ತುಹೋಗಿತ್ತು. ಕಂಪನಿ, ನಂಬರ್ ಒಂದೂ ಇಲ್ಲ. ಮನೆಯಲ್ಲಿದ್ದ ಪ್ಲೈವುಡ್ ಪೆಟ್ಟಿಗೆಗೆ ಕೂರಿಸಿ ಹಾಡು ಹಚ್ಚಿದೆ. ತಬಲಾದ ಬಾಯಾ (ಎಡಗೈಯ ಡಗ್ಗಾ), ಹಾಡುವವರ ಕೆಳಸ್ವರ ಎಲ್ಲವೂ ಒಂದೇ ‘ಗುಂ’ ಆಗಿ ಕೇಳಿಸಿತು. ಸ್ಪೀಕರ್ ಕೆಟ್ಟಿದೆಯೆಂದು ಎಸೆಯುವವರು ಇಲ್ಲೇ ಎಸೆಯುತ್ತಾರೆ. ನನಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ, ಯಾಕೆಂದರೆ ಚೀಟಿಯಲ್ಲಿ ಇರಬೇಕಾಗಿದ್ದುದನ್ನೆಲ್ಲ ಸ್ಪೀಕರ್ ತಾನೇ ಹೇಳುತ್ತದೆ. ಕೇಳುವ ಕ್ರಮ ಗೊತ್ತಿರಬೇಕು, ಅಷ್ಟೇ.

ಆ ಕ್ರಮವನ್ನು ಕೊಟ್ಟವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಇಬ್ಬರು. ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಒಂದು ಪ್ರಬಂಧ ಬರೆದರು. ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ಬೆಳೆಸಿದರು. ಕೆಳಸ್ವರದಲ್ಲಿ ಸ್ಪೀಕರ್ ಹೇಗೆ ವರ್ತಿಸುತ್ತದೆ, ಅದಕ್ಕೆ ಎಂಥ ಪೆಟ್ಟಿಗೆ ಬೇಕು ಎಂಬುದನ್ನು ಕೆಲವೇ ಅಂಕಿಗಳಿಂದ ಲೆಕ್ಕ ಹಾಕಬಹುದೆಂದು ಇವರು ತೋರಿಸಿದರು. ಇಂದಿಗೂ ಆ ಅಂಕಿಗಳಿಗೆ ಥೀಲ್-ಸ್ಮಾಲ್ ಪ್ಯಾರಾಮೀಟರ್ ಎಂದೇ ಹೆಸರು.

ಮೊದಲನೆಯದು ಸ್ಪೀಕರಿನ ಸ್ವಂತ ಕಂಪನಾಂಕ. ಪಂಚಮಿ ಜೋಕಾಲಿಯನ್ನು ನೆನೆಯಿರಿ. ಅದರ ಲಯಕ್ಕೆ ಸರಿಯಾಗಿ ನೂಕಿದರೆ ಬೆರಳ ಬಲಕ್ಕೂ ಎತ್ತರಕ್ಕೆ ಹೋಗುತ್ತದೆ. ಕೋನ್ ಒಂದು ತೂಕ, ಅದನ್ನು ಹಿಡಿದಿರುವ ಅಂಚು ಮತ್ತು ಹಿಂದಿನ ಸುಕ್ಕುಬಟ್ಟೆಯ ಜಾಲರಿ ಒಂದು ಸ್ಪ್ರಿಂಗ್. ಹಾಗಾಗಿ ಅದಕ್ಕೂ ತನ್ನದೇ ಲಯವಿದೆ. ಆ ಲಯದಲ್ಲಿ ಕಾಯಿಲ್ ಅತಿ ಜೋರಾಗಿ ಆಡುತ್ತದೆ. ಮ್ಯಾಗ್ನೆಟ್ಟಿನ ನಡುವೆ ತಂತಿ ಆಡಿದರೆ ಡೈನಮೋದಂತೆ ವಿದ್ಯುತ್ ಹುಟ್ಟುತ್ತದೆ, ಹುಟ್ಟಿದ್ದು ನಾವು ಕಳಿಸಿದ ವಿದ್ಯುತ್ತಿಗೇ ಎದುರು ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಸ್ಪೀಕರಿನ ಓಮ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಒಮ್ಮೆಲೇ ಏರಿದಂತೆ ಕಾಣುತ್ತದೆ. ಈ ಏರನ್ನು ಹುಡುಕುವುದೇ ನಮ್ಮ ಕೆಲಸ.

ಬೇಕಾದ ಸಾಮಾನು ಸ್ವಲ್ಪವೇ: ಸ್ವರ ಹುಟ್ಟಿಸುವ ಆ್ಯಪ್ ಇರುವ ಫೋನು, ಮನೆಯ ಹಳೆ ಆಂಪ್ಲಿಫೈಯರ್, 1 ಕಿಲೋ ಓಮಿನ ಒಂದು ರೆಸಿಸ್ಟರ್, 10 ಓಮಿನದು ಇನ್ನೊಂದು, ಮಲ್ಟಿಮೀಟರ್. ಮೀಟರ್ ಕೊಳ್ಳುವಾಗ ಒಂದನ್ನು ನೋಡಿಕೊಳ್ಳಿ. ತೀರ ಅಗ್ಗದವುಗಳಲ್ಲಿ ಎಸಿ ಅಳತೆ 200 ವೋಲ್ಟಿನಿಂದಲೇ ಶುರುವಾಗುತ್ತದೆ, ನಮ್ಮ ಮಿಲಿವೋಲ್ಟುಗಳು ಅದಕ್ಕೆ ಕಾಣುವುದೇ ಇಲ್ಲ. ಎಸಿಯಲ್ಲಿ 2 ವೋಲ್ಟಿನ ರೇಂಜ್ ಇರುವುದೇ ಬೇಕು.

ಆಂಪ್ಲಿಫೈಯರಿನಿಂದ 1 ಕಿಲೋ ಓಮ್ ದಾಟಿ, ಸ್ಪೀಕರಿನ ಜಾಗದಲ್ಲಿ ಮೊದಲು 10 ಓಮ್ ಜೋಡಿಸಿ, ಅದರ ಮೇಲೆ 100 ಮಿಲಿವೋಲ್ಟ್ ಬರುವವರೆಗೆ ವಾಲ್ಯೂಮ್ ಏರಿಸಿದೆ. ಇನ್ನು ಪ್ರತಿ 10 ಮಿಲಿವೋಲ್ಟಿಗೆ ಒಂದು ಓಮ್. ದೊಡ್ಡ ರೆಸಿಸ್ಟರ್ ಮುಂದಿರುವುದರಿಂದ ಕರೆಂಟ್ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಈ ಸರಳ ಲೆಕ್ಕ ನಿಲ್ಲುವುದು ಅದರಿಂದಲೇ. ಆಮೇಲೆ 10 ಓಮ್ ತೆಗೆದು ಸ್ಪೀಕರ್ ಹಚ್ಚಿ, ಮ್ಯಾಗ್ನೆಟ್ಟನ್ನು ಒಂದು ಮರದ ತುಂಡಿನ ಮೇಲಿಟ್ಟು, ಕೋನ್ ಮೇಲ್ಮುಖವಾಗಿ ನಿಲ್ಲಿಸಿದೆ. ಫ್ಯಾನ್ ಬಂದ್ ಮಾಡಲೇಬೇಕು, ಅದರ ಗಾಳಿಗೂ ಕೋನ್ ಅಲುಗಿ ಅಂಕಿ ಕುಣಿಯುತ್ತದೆ.

20 ಹರ್ಟ್ಜ್‌ನಿಂದ ಒಂದೊಂದೇ ಹೆಜ್ಜೆ ಮೇಲೇರಿದೆ. 62 ಹರ್ಟ್ಜ್‌ನಲ್ಲಿ ಓಮ್ 40ಕ್ಕೆ ಮುಟ್ಟಿ, 63ರಲ್ಲಿ ಇಳಿಯತೊಡಗಿತು. ಲಯ ಸಿಕ್ಕಿತು. ಡಿಸಿಯಲ್ಲಿ ಕಾಯಿಲ್ ಅಳೆದರೆ, ಮೀಟರ್ ವೈರಿನ ಪಾಲು ಕಳೆದು, 6.4 ಓಮ್. 6.4 ಮತ್ತು 40ನ್ನು ಗುಣಿಸಿ ವರ್ಗಮೂಲ ತೆಗೆದರೆ 16. ಶಿಖರದ ಎರಡೂ ಕಡೆ 16 ಓಮ್ ಎಲ್ಲಿ ಬರುತ್ತದೆಂದು ನೋಡಿದೆ: 50 ಮತ್ತು 77 ಹರ್ಟ್ಜ್. ಈ ಎರಡರ ಗುಣಲಬ್ಧದ ವರ್ಗಮೂಲ ಮತ್ತೆ 62 ಆಗಬೇಕು, ಆಯಿತು. ಇದು ಹೊಂದದಿದ್ದರೆ ಮುಂದೆ ಹೋಗದೆ ಮೊದಲಿನಿಂದ ಅಳೆಯುವುದೇ ಲೇಸು.

ಶಿಖರ ಎಷ್ಟು ಚೂಪು ಎಂಬುದರಿಂದ ‘ಕ್ಯೂ’ ಸಿಗುತ್ತದೆ. ಜೋಕಾಲಿ ಬಿಟ್ಟ ಮೇಲೆ ಎಷ್ಟು ಹೊತ್ತು ತೂಗುತ್ತದೆ ಎಂಬುದರ ಅಳತೆ ಅದು. 16ನ್ನು 6.4ರಿಂದ ಭಾಗಿಸಿದರೆ 2.5, ಅದನ್ನು 62ರಿಂದ ಗುಣಿಸಿ ಎರಡು ಬದಿಯ ಅಂತರ 27ರಿಂದ ಭಾಗಿಸಿದರೆ 5.74. ಇದು ಅಂಚು-ಜಾಲರಿಗಳ ಕ್ಯೂ. ಇದನ್ನು 5.25ರಿಂದ (2.5ರ ವರ್ಗದಲ್ಲಿ ಒಂದು ಕಳೆದದ್ದು) ಭಾಗಿಸಿದರೆ ಮ್ಯಾಗ್ನೆಟ್ಟಿನ ಕ್ಯೂ, 1.09. ಎರಡರ ಗುಣಲಬ್ಧವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಟ್ಟು ಕ್ಯೂ, 0.92. ಆ ಅಂಕಿ ನೋಡಿದಾಗಲೇ ‘ಗುಂ’ ಎಲ್ಲಿಂದ ಬಂತೆಂದು ಅರ್ಧ ಹೊಳೆಯಿತು. ಮ್ಯಾಗ್ನೆಟ್ಟಿನ ಹಿಡಿತ ಸಡಿಲು, ಕೋನ್ ನಿಲ್ಲಲು ತಡ ಮಾಡುತ್ತದೆ.

ಇನ್ನು ಕೋನಿನ ತೂಕ. ಬಿಚ್ಚದೆ ತೂಗುವ ಉಪಾಯ ನನಗೆ ಎಲ್ಲಕ್ಕಿಂತ ಪ್ರಿಯ. ಕೋನ್ ಮೇಲೆ ಗೊತ್ತಿರುವ ತೂಕವಿಟ್ಟರೆ ಲಯ ನಿಧಾನವಾಗುತ್ತದೆ, ಎಷ್ಟು ನಿಧಾನವಾಯಿತೋ ಅದರಿಂದ ಕೋನಿನದೇ ತೂಕ ತಿಳಿಯುತ್ತದೆ. ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳನ್ನು ಮ್ಯಾಗ್ನೆಟ್ ಎಳೆಯುತ್ತದೆ, ಅವು ಬೇಡ. ಹಳದಿ ಐದು ರೂಪಾಯಿ ಒಳ್ಳೆಯದು. ಎರಡನ್ನು ಮಕ್ಕಳ ಕ್ಲೇ ಸಮೇತ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ: 12.6 ಗ್ರಾಂ. ಕೋನಿನ ನಡುವಿನ ಟೊಪ್ಪಿಗೆಯ ಆಚೆ ಈಚೆ ಎದುರುಬದುರು ಅಂಟಿಸಿದಾಗ ಲಯ 62ರಿಂದ 42.5ಕ್ಕೆ ಇಳಿಯಿತು. 62ನ್ನು 42.5ರಿಂದ ಭಾಗಿಸಿ, ವರ್ಗ ಮಾಡಿ, ಒಂದು ಕಳೆದು, ಅದರಿಂದ 12.6ನ್ನು ಭಾಗಿಸಿದರೆ 11.2 ಗ್ರಾಂ. ತೂಕ, ಲಯ ಮತ್ತು ಕೋನಿನ ಅಗಲ (ಅಂಚಿನ ಅರ್ಧದವರೆಗೆ 13 ಸೆಂಟಿಮೀಟರ್) ಗೊತ್ತಾದರೆ, ಎಷ್ಟು ಲೀಟರ್ ಗಾಳಿ ಈ ಕೋನಿನ ಅಂಚಿನಷ್ಟೇ ಬಿಗಿಯಾಗಿ ಎದುರು ನೂಕುತ್ತದೆ ಎಂದು ಲೆಕ್ಕ ಸಿಗುತ್ತದೆ. ಇದರದು ಸುಮಾರು 14 ಲೀಟರ್.

ನನ್ನ ಪೆಟ್ಟಿಗೆ ಎಷ್ಟು ಲೀಟರಿನದು? ಪ್ಲೈವುಡ್‌ಗೆ ನೀರು ಹುಯ್ಯುವಂತಿಲ್ಲ. ಅಡುಗೆಮನೆಯ ತೊಗರಿಬೇಳೆಯನ್ನು ಲೀಟರ್ ಪಾತ್ರೆಯಲ್ಲಿ ಅಳೆದು ಸುರಿದೆ. “ಬ್ಯಾಳಿ ಒಂದ್ ಕಾಳೂ ಚೆಲ್ಲಬ್ಯಾಡ ನೋಡಪಾ” ಎಂದು ಅವ್ವ ಪಕ್ಕದಲ್ಲೇ ನಿಂತಿದ್ದಳು. ಎಂಟು ಲೀಟರಿಗೆ ತುಂಬಿತು. 14ನ್ನು 8ರಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದರೆ 1.66. ಈ ಪೆಟ್ಟಿಗೆಯಲ್ಲಿ ಲಯವೂ ಕ್ಯೂ ಸಹ ಅಷ್ಟು ಪಟ್ಟು ಏರುತ್ತವೆ: 103 ಹರ್ಟ್ಜ್, 1.5. ಸ್ಪೀಕರನ್ನು ಮತ್ತೆ ಕೂರಿಸಿ ಅಳೆದೆ, ಶಿಖರ 101ರಲ್ಲಿ ಬಂತು. ಮುಚ್ಚಿದ ಪೆಟ್ಟಿಗೆಗೆ ಸಾಮಾನ್ಯವಾಗಿ 0.7ರ ಆಸುಪಾಸಿನ ಕ್ಯೂ ಬಯಸುತ್ತಾರೆ. 1.5 ಎಂದರೆ 100 ಹರ್ಟ್ಜ್ ಸುತ್ತಲಿನ ಸ್ವರವೆಲ್ಲ ಉಬ್ಬಿ ಎಳೆದುಕೊಳ್ಳುತ್ತದೆ. ಸ್ಪೀಕರಿನಲ್ಲಿ ದೋಷವಿರಲಿಲ್ಲ. ಪೆಟ್ಟಿಗೆಯ ಗಾಳಿ ಅದರ ಮೇಲೆ ಇನ್ನೊಂದು ಸ್ಪ್ರಿಂಗ್ ಹೇರಿತ್ತು.

ಮುಚ್ಚಿದ ಪೆಟ್ಟಿಗೆ ಕ್ಯೂ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ, ಇದರದು ಮೊದಲೇ 0.92. ಗಾಳಿಯಾಡಲು ತೂತು ಬಿಟ್ಟ ಪೆಟ್ಟಿಗೆ ಇಂಥದ್ದಕ್ಕೆ ಇನ್ನೂ ಹೊಂದುವುದಿಲ್ಲ. ಹಿಂಬದಿ ಬಿಚ್ಚಿಯೇ ಇರುತ್ತಿದ್ದ ಹಳೆ ವಾಲ್ವ್ ರೇಡಿಯೋಗಳ ಮರದ ಕವಚ ನೆನಪಾಯಿತು. ಹಿಂದೆ ಮುಚ್ಚಿಲ್ಲದಿದ್ದರೆ ಗಾಳಿಯ ಸ್ಪ್ರಿಂಗೂ ಇಲ್ಲ. ಎರಡಡಿ ಚೌಕದ ಪ್ಲೈವುಡ್ ಹಲಗೆಗೆ, ನಡುವಿಗಿಂತ ತುಸು ಪಕ್ಕಕ್ಕೆ, ಸ್ಪೀಕರನ್ನು ಸ್ಕ್ರೂ ಬಿಗಿದು ನಿಲ್ಲಿಸಿದೆ. ಬಾಯಾದ ಪೆಟ್ಟು ಬೇರೆ, ಅದರ ಮೀಂಡ್ (ಸ್ವರ ಜಾರುವ ಎಳೆತ) ಬೇರೆಯಾಗಿ ಕೇಳಿತು.

ಮ್ಯಾಗ್ನೆಟ್ಟಿನ ಬೆನ್ನಿಗೆ ಈಗ ಮಾರ್ಕರಿನಲ್ಲಿ 62, 0.92, 14 ಎಂದು ಬರೆದಿದ್ದೇನೆ, ಪಕ್ಕದಲ್ಲಿ ‘ಬೆಳಿಗ್ಗೆ, 28 ಡಿಗ್ರಿ’ ಎಂದೂ. ತಾಮ್ರದ ಓಮ್ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿಯಲ್ಲಿ, ಇದೇ ಕಾಯಿಲ್ 6.4ರ ಬದಲು 6.7 ತೋರಿಸುತ್ತದೆ.