ಭೇದಿ ನಿಂತ ಮೇಲೂ ಜಿಂಕ್ ಮಾತ್ರೆ ಯಾಕೆ?

ಮಗುವಿಗೆ ಭೇದಿ ಅಂತ ಬಂದವರಿಗೆ ಓಆರ್‌ಎಸ್ ಪೊಟ್ಟಣದ ಜೊತೆ 14 ದಿನದ ಜಿಂಕ್ ಮಾತ್ರೆಯನ್ನೂ ಬರೆದುಕೊಡುತ್ತೇನೆ. ಮೂರ್ನಾಲ್ಕು ದಿನಕ್ಕೆ ಭೇದಿ ನಿಲ್ಲುತ್ತದೆ, ಅದರ ಜೊತೆಗೇ ಮಾತ್ರೆಯೂ ನಿಂತುಬಿಡುತ್ತದೆ. ‘ವಾಸಿ ಆಯ್ತಲ್ಲ ಡಾಕ್ಟ್ರೇ, ಸುಮ್ನೆ ಯಾಕೆ ಅಂತ ಬಿಟ್ವಿ’ ಅನ್ನುತ್ತಾರೆ. ಹೀಗೆ ಅರ್ಧಕ್ಕೆ ಬಿಡಬಾರದು.

ಜಿಂಕ್ ಅಂದರೆ ಸತು. ಮನೆ ಮೇಲಿನ ತಗಡಿಗೆ ತುಕ್ಕು ಹಿಡಿಯದಂತೆ ಲೇಪಿಸುವ ಅದೇ ಲೋಹ. ಪ್ರಪಂಚದಲ್ಲಿ ಬಳಸುವ ಸತುವಿನಲ್ಲಿ ಹೆಚ್ಚುಕಡಿಮೆ ಅರ್ಧ ಈ ಲೇಪಕ್ಕೇ ಹೋಗುತ್ತದೆ. ದೊಡ್ಡವರ ಮೈಯಲ್ಲಿ ಇರುವುದು ಎರಡು ಗ್ರಾಂ ಆಸುಪಾಸು, ಅಷ್ಟೇ. ಆದರೆ ಹೊಸ ಜೀವಕೋಶ ಹುಟ್ಟುವ ಕಡೆಯೆಲ್ಲ ಅದು ಬೇಕು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಭೇದಿಯಲ್ಲಿ ಪೆಟ್ಟು ಬೀಳುವುದು ಆ ಪದರಕ್ಕೇ. ಅದನ್ನು ಮತ್ತೆ ಕಟ್ಟಲು ಬೇಕಾದ ಸತುವೂ ಭೇದಿಯಲ್ಲೇ ಹೋಗಿಬಿಡುತ್ತದೆ. ಕಬ್ಬಿಣದಂತೆ ಇದನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆ ದೇಹದಲ್ಲಿಲ್ಲ.

ಭೇದಿ ನಿಂತರೂ ಈ ರಿಪೇರಿ ಮುಗಿದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಓಆರ್‌ಎಸ್ ಜೊತೆ ಜಿಂಕ್ ಕೊಡಿ ಎಂದು ಹೇಳಿದವು. ಪೂರ್ತಿ ಕೋರ್ಸ್ ಮುಗಿಸಿದ ಮಕ್ಕಳಲ್ಲಿ ಮುಂದಿನ ಎರಡು ಮೂರು ತಿಂಗಳು ಭೇದಿ ಮತ್ತೆ ಬರುವುದೂ ಕಡಿಮೆ.

ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನ ಒಂದು ಮಾತ್ರೆ. ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ. ಚಮಚದಲ್ಲಿ ಮಾತ್ರೆ ಇಟ್ಟು, ಕಾಯಿಸಿ ಆರಿಸಿದ ನೀರನ್ನೋ ಎದೆಹಾಲನ್ನೋ ಹಾಕಿ. ಉಜ್ಜಬೇಡಿ, ತಾನೇ ಕರಗುತ್ತದೆ. ತಳದಲ್ಲಿ ಪುಡಿ ಉಳಿದರೆ ಇನ್ನೊಂದು ಹನಿ ಹಾಕಿ ಅದನ್ನೂ ಕುಡಿಸಿ. ಬಾಯಿಗೆ ಲೋಹದ ರುಚಿ ಬರುವುದರಿಂದ ಕೆಲವು ಮಕ್ಕಳು ಕಕ್ಕುತ್ತಾರೆ. ಅರ್ಧ ಗಂಟೆಯೊಳಗೆ ಕಕ್ಕಿದರೆ ಮತ್ತೊಂದು ಕೊಡಬಹುದು. ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ದುಡ್ಡಿಲ್ಲದೆ ಸಿಗುತ್ತದೆ.

ಮನುಷ್ಯರಿಗೂ ಸತುವಿನ ಕೊರತೆ ಆಗಬಹುದು ಎಂದು ತೋರಿಸಿಕೊಟ್ಟವರು ಬಿಹಾರ ಮೂಲದ ವೈದ್ಯ ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ 21 ವರ್ಷದ ಯುವಕನೊಬ್ಬನನ್ನು ಅವರು ನೋಡಿದರು. ನೋಡಲು ಹತ್ತು ವರ್ಷದ ಹುಡುಗನ ಹಾಗಿದ್ದ. ಅವನ ಊಟ ಹೆಚ್ಚಾಗಿ ಹುಳಿ ಬರಿಸದ ಗೋಧಿ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಚಟ. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದಿಟ್ಟುಕೊಂಡು, ದೇಹಕ್ಕೆ ದಕ್ಕಲು ಬಿಡುವುದಿಲ್ಲ. ಮುಂದೆ ಈಜಿಪ್ಟಿನಲ್ಲಿ ಇಂಥ ಹುಡುಗರಿಗೆ ಸತು ಕೊಟ್ಟಾಗ ಅವರು ಬೆಳೆದರು.

ನಮ್ಮ ರಾಗಿಯಲ್ಲೂ ಬೇಳೆಯಲ್ಲೂ ಫೈಟೇಟ್ ಇದೆ. ಹಾಗಂತ ರಾಗಿ ಬಿಡಬೇಕಿಲ್ಲ. ನೆನೆಸಿ, ಮೊಳಕೆ ಕಟ್ಟಿ, ಹಿಟ್ಟು ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮೊಳಕೆ ರಾಗಿಯ ಸರಿ, ಇಡ್ಲಿ, ದೋಸೆ ಮಕ್ಕಳಿಗೆ ಒಳ್ಳೆಯದು ಅನ್ನುವುದಕ್ಕೆ ಇದೂ ಒಂದು ಕಾರಣ. ತಿನ್ನುವವರಾದರೆ ಮಾಂಸ, ಮೊಟ್ಟೆ ಕೊಡಿ. ಅದರಲ್ಲಿರುವ ಸತು ಸುಲಭವಾಗಿ ದಕ್ಕುತ್ತದೆ.

ಕೊರೊನಾ ಕಾಲದಿಂದ ದೊಡ್ಡವರಲ್ಲಿ ಇನ್ನೊಂದು ರೂಢಿ ಶುರುವಾಗಿದೆ. ರೋಗನಿರೋಧಕ ಶಕ್ತಿಗೆ ಒಳ್ಳೆಯದು ಎಂದು 50 ಮಿಲಿಗ್ರಾಂನ ಜಿಂಕ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಇದು ನನಗೆ ನಿಜಕ್ಕೂ ಆತಂಕದ ವಿಷಯ. ಸತು ಜಾಸ್ತಿಯಾದರೆ ದೇಹ ತಾಮ್ರವನ್ನು ಹೀರಿಕೊಳ್ಳುವುದಿಲ್ಲ. ರಕ್ತಹೀನತೆ ಬರುತ್ತದೆ, ನರಗಳಿಗೂ ತೊಂದರೆ. ಡಾಕ್ಟರ್ ಹೇಳದೆ ಅದನ್ನು ತೆಗೆದುಕೊಳ್ಳಬೇಡಿ. ಸತು ಲೇಪಿಸಿದ ಬಕೆಟ್ಟಿನಲ್ಲಿ ಮಜ್ಜಿಗೆ, ನಿಂಬೆ ಪಾನಕ ಇಡುವುದೂ ಬೇಡ. ಹುಳಿಗೆ ಸತು ಕರಗಿ, ಕುಡಿದವರಿಗೆ ವಾಂತಿ ಆಗುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಹಲ್ಲು ಬರುವಾಗ ಭೇದಿ ಸಹಜ ಅಂತ ಸುಮ್ಮನಿರಬೇಡಿ. ಜಿಂಕ್ ಇದ್ದರೂ ಓಆರ್‌ಎಸ್ ಬೇಕೇ ಬೇಕು, ಎದೆಹಾಲು, ಊಟ ನಿಲ್ಲಿಸಬಾರದು. ಕಣ್ಣು ಗುಳಿ ಬಿದ್ದರೆ, ಮಗು ಮಂಕಾಗಿ ಕುಡಿಯಲೂ ಆಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆತನ್ನಿ.