ಗರಗಸದ ಹಲ್ಲು ಯಾವ ಕಡೆ ಓಡುತ್ತದೆ?

ಮನೆಯ ಸಣ್ಣಪುಟ್ಟ ರಿಪೇರಿಗೆ ಅಂತ ಮೊದಲ ಸಲ ಕರೆಂಟ್ ಗರಗಸ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು 'ಎಷ್ಟು ವ್ಯಾಟ್?' ಅಂತ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇದರ ಹಲ್ಲು ಯಾವ ಕಡೆ ಓಡುತ್ತದೆ? ಎಷ್ಟು ಜೋರಾಗಿ ಓಡುತ್ತದೆ? ಯಾವ ಮಿಷನ್ ಯಾವ ಕೆಲಸಕ್ಕೆ, ಹಲಗೆಯ ಯಾವ ಮುಖ ಮೇಲಿರಬೇಕು, ಏಟು ಎಲ್ಲಿಂದ ಬರಬಹುದು, ಇವೆಲ್ಲಕ್ಕೂ ಉತ್ತರ ಇಲ್ಲೇ ಇದೆ.

ಮನೆ ಕೆಲಸಕ್ಕೆ ಲೆಕ್ಕಕ್ಕೆ ಬರುವುದು ಮೂರು ಬಗೆ. ಜಿಗ್‌ಸಾದಲ್ಲಿ ಬೆರಳಿಗಿಂತ ಕಿರಿದಾದ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ. ಸರ್ಕ್ಯುಲರ್ ಸಾದಲ್ಲಿ ತಟ್ಟೆಯಂಥ ಬ್ಲೇಡ್ ಗಿರಗಿರ ತಿರುಗುತ್ತದೆ. ಮೂರನೆಯದು ರೆಸಿಪ್ರೊಕೇಟಿಂಗ್ ಸಾ, ಇದರ ಉದ್ದನೆಯ ಬ್ಲೇಡ್ ಹಿಂದೆ ಮುಂದೆ ಆಡುತ್ತದೆ. ಹಳೆ ಚೌಕಟ್ಟು ಕೀಳಲು, ಮೊಳೆ ಸಮೇತ ರೀಪು ಕತ್ತರಿಸಲು ಅದು ಗಟ್ಟಿಗ. ಆದರೆ ನಯವಾದ ಅಂಚು ಅದರಿಂದ ಬರುವುದಿಲ್ಲ. ಹಾಗಾಗಿ ಅದನ್ನು ಸದ್ಯಕ್ಕೆ ಬಿಡೋಣ.

ಜಿಗ್‌ಸಾ ಹುಟ್ಟಿದ್ದು ಹೊಲಿಗೆ ಯಂತ್ರದಿಂದ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕೌಫ್‌ಮನ್ ತಮ್ಮ ಹೆಂಡತಿಯ ಹೊಲಿಗೆ ಯಂತ್ರದ ಸೂಜಿ ತೆಗೆದು, ಆ ಜಾಗಕ್ಕೆ ಗರಗಸದ ಬ್ಲೇಡ್ ಸಿಕ್ಕಿಸಿ ನೋಡಿದರು. ಸೂಜಿ ಬಳುಕು ಗೆರೆಯ ಮೇಲೂ ಸಲೀಸಾಗಿ ಹೋಗುತ್ತದೆ ಅಲ್ವಾ? ಕಿರಿದಾದ ಬ್ಲೇಡ್ ಕೂಡ ಹಾಗೇ. ಪೈಪಿಗೆ ದುಂಡನೆ ತೂತು, ಸ್ವಿಚ್ ಬೋರ್ಡಿಗೆ ಚೌಕ ಕಿಂಡಿ, ಗೋಡೆಯ ಓರೆಕೋರೆಗೆ ತಕ್ಕಂತೆ ಶೆಲ್ಫಿನ ಅಂಚು, ಎಲ್ಲವೂ ಇದೊಂದರಿಂದಲೇ ಆಗುತ್ತದೆ. ದುಂಡು ಬ್ಲೇಡಿಗೆ ಬರುವುದು ನೇರ ಗೆರೆ ಮಾತ್ರ.

ಈಗ ವೇಗದ ಲೆಕ್ಕ. ಜಿಗ್‌ಸಾ ಬ್ಲೇಡ್ ಒಂದು ಸಲಕ್ಕೆ 26 ಮಿಲಿಮೀಟರ್ ಮೇಲೆ ಹೋಗಿ ಅಷ್ಟೇ ಕೆಳಗೆ ಬರುತ್ತದೆ, ನಿಮಿಷಕ್ಕೆ 3,000 ಸಲ ಆಡುತ್ತದೆ ಅಂದುಕೊಳ್ಳಿ. ಆಗ ಹಲ್ಲಿನ ಸರಾಸರಿ ವೇಗ ಗಂಟೆಗೆ ಸುಮಾರು 9 ಕಿಲೋಮೀಟರ್. ಅಂದರೆ ಒಬ್ಬ ಮನುಷ್ಯ ನಿಧಾನಕ್ಕೆ ಓಡುವಷ್ಟು. ಇನ್ನು 184 ಮಿಲಿಮೀಟರ್ ಅಗಲದ ದುಂಡು ಬ್ಲೇಡ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಅಂಚಿನ ಹಲ್ಲಿನ ವೇಗ ಗಂಟೆಗೆ 170 ಕಿಲೋಮೀಟರ್ ದಾಟುತ್ತದೆ! ಸ್ವಿಚ್ ಬಿಟ್ಟ ಮೇಲೂ ಅದು ಇನ್ನಷ್ಟು ಹೊತ್ತು ತಿರುಗುತ್ತಲೇ ಇರಬಹುದು. ಮೊದಲ ಗರಗಸ ಜಿಗ್‌ಸಾನೇ ಇರಲಿ ಅಂತ ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ. ಕೈ ಪಳಗುವ ತನಕ ಇದು ತಪ್ಪನ್ನು ಜಾಸ್ತಿ ಕ್ಷಮಿಸುತ್ತದೆ. ಬೆರಳು ಅಡ್ಡ ಬಂದರೆ ಮಾತ್ರ ಇದೂ ಕ್ಷಮಿಸುವುದಿಲ್ಲ.

ಒಂದು ಚೂರು ಪ್ಲೈವುಡ್ ತಗೊಳ್ಳಿ. ಕ್ಲಾಂಪ್ ಹಾಕಿ ಬಿಗಿದು ಜಿಗ್‌ಸಾದಿಂದ ಕೊಯ್ಯಿರಿ. ಮೇಲ್ಮುಖದ ಅಂಚನ್ನು ಹತ್ತಿರದಿಂದ ನೋಡಿ. ಸಿಬಿರೆದ್ದು, ಇಲಿ ಕಡಿದ ಹಾಗೆ ಕಾಣುತ್ತದೆ. ತಿರುಗಿಸಿದರೆ ಕೆಳಮುಖದ ಅಂಚು ಅಚ್ಚುಕಟ್ಟು. ಯಾಕೆ? ಮಾಮೂಲಿ ಜಿಗ್‌ಸಾ ಬ್ಲೇಡಿನ ಹಲ್ಲುಗಳು ಮೇಲ್ಮುಖವಾಗಿವೆ, ಮೇಲೆ ಹೋಗುವಾಗಲೇ ಅವು ಕೊಯ್ಯುವುದು. ಕೆಳಮುಖದಲ್ಲಿ ಹಲ್ಲು ಮರದ ಒಳಕ್ಕೆ ನುಗ್ಗುತ್ತದೆ, ಅಲ್ಲಿನ ಎಳೆಗಳಿಗೆ ಹಿಂದಿನ ಪದರದ ಆಸರೆ ಇದೆ. ಮೇಲ್ಮುಖದಲ್ಲಿ ಹಲ್ಲು ಹೊರಬರುತ್ತದೆ, ಅಲ್ಲಿ ಎಳೆಗಳನ್ನು ಒತ್ತಿ ಹಿಡಿಯಲು ಏನೂ ಇಲ್ಲ. ಎದ್ದು ಬರುತ್ತವೆ, ಅಷ್ಟೇ. ಆದ್ದರಿಂದ ಕಣ್ಣಿಗೆ ಕಾಣುವ ಮುಖ ಕೆಳಗಿರಲಿ. ಸರ್ಕ್ಯುಲರ್ ಸಾದ ಹಲ್ಲೂ ಹಲಗೆಯನ್ನು ಕೆಳಗಿನಿಂದ ಮೇಲಕ್ಕೇ ಕೊಯ್ಯುತ್ತದೆ, ಅದಕ್ಕೂ ಇದೇ ಮಾತು.

ಅಡುಗೆಮನೆಯ ಸಿಂಕಿಗೆ ಕಿಂಡಿ ಕೊಯ್ಯುವಂಥ ಕಡೆ ಹಲಗೆ ಮಗುಚಲು ಆಗುವುದಿಲ್ಲ. ಅದಕ್ಕೆಂದೇ ಹಲ್ಲು ಕೆಳಮುಖವಾಗಿರುವ ಬ್ಲೇಡ್ ಸಿಗುತ್ತದೆ. ಆದರೆ ಆಗ ಬಲವೂ ತಿರುಗಿಬೀಳುತ್ತದೆ. ಮಾಮೂಲಿ ಬ್ಲೇಡ್ ಪ್ರತಿ ಏಟಿಗೂ ಮಿಷನ್ನನ್ನು ಹಲಗೆಗೆ ಎಳೆದು ಕೂರಿಸುತ್ತದೆ, ಇದು ಎತ್ತಿ ಕುಣಿಸುತ್ತದೆ. ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ಸರ್ಕ್ಯುಲರ್ ಸಾದಲ್ಲಿ ಹೆದರಬೇಕಾದ್ದು ಕಿಕ್‌ಬ್ಯಾಕಿಗೆ, ಅಂದರೆ ಮಿಷನ್ ತಟ್ಟನೆ ಹಿಂದಕ್ಕೆ ಚಿಮ್ಮುವುದಕ್ಕೆ. ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ಹಲಗೆಯನ್ನು ನಡುವೆ ಕೊಯ್ದರೆ ಏನಾಗುತ್ತದೆ? ಒಂದು ರಬ್ಬರಿನ ಮೇಲ್ಭಾಗವನ್ನು ಅರ್ಧದವರೆಗೆ ಸೀಳಿ, ಎರಡೂ ತುದಿ ಮೇಲಕ್ಕೆ ಬಗ್ಗಿಸಿ ನೋಡಿ. ಸೀಳಿನ ಬಾಯಿ ಮುಚ್ಚಿಕೊಳ್ಳುತ್ತದೆ. ಹಲಗೆಯೂ ನಡುವೆ ಜಗ್ಗಿ ಬ್ಲೇಡನ್ನು ಹೀಗೇ ಕಚ್ಚಿ ಹಿಡಿಯುತ್ತದೆ. ಮರದೊಳಗಿನ ಹಲ್ಲು ಮುಂದಕ್ಕೆ ಓಡುತ್ತಿರುತ್ತದೆ, ದಾರಿ ಸಿಗದೆ ಇಡೀ ಮಿಷನ್ನೇ ಹಿಂದಕ್ಕೆ, ಹಿಡಿದವರ ಕಡೆಗೆ ಚಿಮ್ಮುತ್ತದೆ. ಇದಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ತಪ್ಪಿಸುವ ದಾರಿ ಸುಲಭ. ಗೆರೆಯ ಎರಡೂ ಪಕ್ಕಕ್ಕೆ ಆಸರೆ ಕೊಡಬೇಕು, ಇಲ್ಲವೇ ಕೊಯ್ದ ತುಂಡು ತಾನಾಗಿ ಕೆಳಗೆ ಬೀಳುವಂತೆ ಇಡಬೇಕು. ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಒಂದು ಪಕ್ಕಕ್ಕೆ ನಿಲ್ಲಬೇಕು. ಇಷ್ಟು ರೂಢಿಯಾದ ಮೇಲೆ, ಉದ್ದುದ್ದ ಪ್ಲೈವುಡ್ ಹಾಳೆ ಕೊಯ್ಯುವ ಕೆಲಸ ಬಂದಾಗ ಎರಡನೇ ಗರಗಸವಾಗಿ ಇದನ್ನು ಕೊಳ್ಳಿ.

ಜಿಗ್‌ಸಾದ ಕೊರತೆಯನ್ನೂ ಹೇಳಬೇಕು. ಅದರ ಬ್ಲೇಡಿಗೆ ಹಿಡಿತ ಇರುವುದು ಮೇಲ್ಗಡೆ ಮಾತ್ರ, ಕೆಳತುದಿ ಗಾಳಿಯಲ್ಲಿ ಆಡುತ್ತದೆ. ದಪ್ಪ ಮರದಲ್ಲಿ ಆ ತುದಿ ಎಳೆಯ ಜಾಡು ಹಿಡಿದು ಓರೆಯಾಗುತ್ತದೆ. ಮೇಲೆ ಗೆರೆ ನೇರ, ಕೆಳಗೆ ಸೊಟ್ಟ. ಜೋರಾಗಿ ದೂಡಿದಷ್ಟೂ ಇದು ಜಾಸ್ತಿ. ಸುಮ್ನೆ ಅದರ ಪಾಡಿಗೆ ಹೋಗಲು ಬಿಡಬೇಕು.

ಕೊಳ್ಳುವಾಗ ವೇಗ ಹೆಚ್ಚುಕಮ್ಮಿ ಮಾಡುವ ಸೌಕರ್ಯ ಇದೆಯಾ ನೋಡಿ. ಮರಕ್ಕೆ ಜೋರು, ಲೋಹಕ್ಕೆ ನಿಧಾನ. ಅಡಿಯ ತಟ್ಟೆ ಅಲುಗಾಡಬಾರದು, ಅದು ಅಲುಗಿದರೆ ಎಷ್ಟು ವ್ಯಾಟ್ ಇದ್ದೂ ಪ್ರಯೋಜನವಿಲ್ಲ. ಬ್ಲೇಡಿನಲ್ಲಿ ಅಂಗುಲಕ್ಕೆ ಹಲ್ಲು ಕಮ್ಮಿ ಇದ್ದರೆ ಕೊಯ್ತ ಬೇಗ, ಅಂಚು ಒರಟು. ಜಾಸ್ತಿ ಇದ್ದರೆ ನಿಧಾನ, ನಯ. ತಗಡು ಕೊಯ್ಯುವಾಗ ಕನಿಷ್ಠ ಮೂರು ಹಲ್ಲಾದರೂ ಒಟ್ಟಿಗೆ ತಗಡಿಗೆ ತಾಗುತ್ತಿರಬೇಕು. ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಮುರಿಯುತ್ತದೆ. ಕಣ್ಣು ಕಾಯುವ ಕನ್ನಡಕದ ಜೊತೆಗೆ ಒಳ್ಳೆಯ ಮಾಸ್ಕೂ ಬೇಕು. ಮರದ ಪುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ.

ಜಿಗ್‌ಸಾದಲ್ಲಿ ನೇರ ಗೆರೆ ಬೇಕಾದರೆ ಒಂದು ನೇರ ರೀಪನ್ನು ಹಲಗೆಗೆ ಕ್ಲಾಂಪ್ ಮಾಡಿ, ಮಿಷನ್ನಿನ ತಟ್ಟೆಯನ್ನು ಅದಕ್ಕೆ ತಾಗಿಸಿಕೊಂಡೇ ದೂಡಬೇಕು. ತಟ್ಟೆಯ ಅಂಚಿನಿಂದ ಹಲ್ಲಿನವರೆಗಿನ ದೂರವನ್ನು ಮೊದಲೇ ಒಂದು ಚೂರು ಮರದ ಮೇಲೆ ಕೊಯ್ದು ಅಳೆದಿಟ್ಟುಕೊಳ್ಳಿ. ಹಲ್ಲುಗಳು ಎಡಕ್ಕೆ ಬಲಕ್ಕೆ ಚೂರು ಬಾಗಿರುವುದರಿಂದ ಸೀಳು ಬ್ಲೇಡಿಗಿಂತ ಅಗಲವಾಗಿರುತ್ತದೆ. ಬ್ಲೇಡ್ ಬದಲಿಸಿದಾಗಲೆಲ್ಲ ಈ ಅಳತೆಯನ್ನು ಹೊಸದಾಗಿ ತೆಗೆಯಬೇಕು.