ಕುರಿಮರಿಯ ಜಂತುಹುಳ ಮತ್ತು ಖನಿಜ: ಹುಳ ಎಲ್ಲಿ ಕೂತಿದೆ ಎಂಬುದೇ ಪ್ರಶ್ನೆ

ಮುಂಗಾರು ಹಿಡಿದು ಎರಡು ತಿಂಗಳಾದ ಮೇಲೆ ಶಿರಹಟ್ಟಿ, ರಾಣೆಬೆನ್ನೂರು ಕಡೆಯ ಹಿಂಡುಗಳಲ್ಲಿ ಮೂರ್ನಾಲ್ಕು ತಿಂಗಳ ಮರಿಗಳು ಮೇಯ್ದರೂ ಮೈ ಹಿಡಿಯುವುದಿಲ್ಲ. ಆಗ ಖನಿಜ ಮಿಶ್ರಣ ತರುತ್ತಾರೆ, ಅದು ಮೈಗೆ ಹತ್ತದಿದ್ದರೆ ಪ್ಯಾಕೆಟ್ಟೇ ಖೊಟ್ಟಿ ಅನ್ನುತ್ತಾರೆ. ದೋಷ ಬಹಳ ಸಲ ಕರುಳಿನದು. ಹುಳವೇ ಖನಿಜ ತಿಂದುಬಿಡುತ್ತದೆ ಎಂದು ತಿಳಿಯಬೇಡಿ. ಕೂದಲೆಳೆಯಂಥ ಆ ಹುಳಕ್ಕೆ ಬೇಕಾದ ರಂಜಕ (ಫಾಸ್ಫರಸ್ ಎಂಬ ಖನಿಜ) ಲೆಕ್ಕಕ್ಕೇ ಬರುವುದಿಲ್ಲ.

ಟ್ರೈಕೋಸ್ಟ್ರಾಂಜಿಲಸ್ ಕೊಲುಬ್ರಿಫಾರ್ಮಿಸ್ ಎಂಬ ಜಂತುಹುಳ ಸಣ್ಣ ಕರುಳಿನ ಮೊದಲ ಕೆಲವು ಮೀಟರ್‌ಗಳಲ್ಲಿ ನೆಲೆಸುತ್ತದೆ. ಅಲ್ಲಿನ ವಿಲ್ಲೈಗಳು (ಸತ್ವ ಹೀರುವ, ಬೆರಳಿನಂಥ ಸಣ್ಣ ಚಾಚುಗಳು) ಸವೆದು ಚಪ್ಪಟೆಯಾಗುತ್ತವೆ. ಕುರಿ ರಂಜಕವನ್ನು ಹೀರುವುದೂ ಮುಖ್ಯವಾಗಿ ಅದೇ ಜಾಗದಲ್ಲಿ. ಇಲ್ಲಿ ಜೊಲ್ಲನ್ನು ಮರೆಯಬಾರದು: ಮೆಲುಕು ಹಾಕುವ ಪ್ರಾಣಿ ರಕ್ತದ ರಂಜಕವನ್ನು ಜೊಲ್ಲಿನ ಮೂಲಕ ಹೊಟ್ಟೆಗೆ ಇಳಿಸಿ, ಕರುಳಿನಲ್ಲಿ ಮತ್ತೆ ಹೀರಿಕೊಳ್ಳುತ್ತದೆ. ಕರುಳು ಕೆಟ್ಟರೆ ಮೇವಿನದೂ ಹೋಯಿತು, ಮೈಯೊಳಗಿನದೂ ಹಿಕ್ಕೆಯಲ್ಲಿ ಹೋಯಿತು. ರಕ್ತದಲ್ಲಿ ರಂಜಕ ಇಳಿಯುತ್ತದೆ. ಕ್ಯಾಲ್ಸಿಯಂಗೆ ಬೀಳುವ ಪೆಟ್ಟು ಅಷ್ಟಿಲ್ಲ. ಜೋಳದ ಕಣಿಕೆ, ಒಣಹುಲ್ಲಿನಲ್ಲಿ ಮೊದಲೇ ರಂಜಕ ಕಡಿಮೆ, ಹಾಗಾಗಿ ನಮ್ಮ ಕಡೆ ಇದು ಗಾಯದ ಮೇಲೆ ಬರೆ.

ಮೂಳೆ ತೆಳುವಾಗಲು ರಂಜಕವೊಂದೇ ಕಾರಣವಲ್ಲ. ಕರುಳಿನ ಗೋಡೆಯಿಂದ ಪ್ರೋಟೀನ್ ಸೋರುತ್ತದೆ, ಉಳಿದದ್ದು ಆ ಗೋಡೆಯ ದುರಸ್ತಿಗೆ ಖರ್ಚಾಗುತ್ತದೆ, ಮೂಳೆಯ ಚೌಕಟ್ಟಿಗೇ ಸಾಮಗ್ರಿ ಸಾಲದು. ಮರಿ ಮೇವು ಬಿಟ್ಟಿದ್ದಕ್ಕೇ ಹೀಗಾಯಿತೇ ಎಂಬ ಸಂಶಯಕ್ಕೆ ಜೋಡಿ ಮೇವಿನ ಪ್ರಯೋಗ ಉತ್ತರ ಕೊಡುತ್ತದೆ. ಹುಳವಿರುವ ಮರಿ ತಿಂದಷ್ಟನ್ನೇ ತೂಗಿ ಹುಳವಿಲ್ಲದ ಮರಿಗೂ ಹಾಕುತ್ತಾರೆ. ಆಮೇಲೂ ಉಳಿಯುವ ವ್ಯತ್ಯಾಸ ಹುಳದ್ದು.

ಹೀಮಾಂಕಸ್ ಎಂಬ ಇನ್ನೊಂದು ಹುಳದ ದಾರಿ ಬೇರೆ. ಅದು ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ, ಒಂದು ಹುಳದಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟ. ಸಾವಿರ ಹುಳ ಅಂದರೆ 50 ಮಿ.ಲೀ. 15 ಕೆ.ಜಿ. ಮರಿಯಲ್ಲಿ ಇರುವುದೇ ಸುಮಾರು ಒಂದು ಲೀಟರ್ ರಕ್ತ. 100 ಮಿ.ಲೀ. ರಕ್ತಕ್ಕೆ ಹಿಮೋಗ್ಲೋಬಿನ್ 10 ಗ್ರಾಂ ಎಂದು ಹಿಡಿದರೆ ದಿನಕ್ಕೆ 17 ಮಿ.ಗ್ರಾಂ ಕಬ್ಬಿಣ ಕರುಳಿಗೆ ಸೋರುತ್ತದೆ, ಅದರಲ್ಲಿ ಸ್ವಲ್ಪವಷ್ಟೇ ಮರಳಿ ಬರುತ್ತದೆ. ಜೊತೆಗೆ ಆ ಹೊಟ್ಟೆಯ ಆಮ್ಲತೆ ತಗ್ಗಿ ತಾಮ್ರ ಕರಗುವುದೂ ಕಮ್ಮಿಯಾಗುತ್ತದೆ. ಹಾಗೆಂದು ದನದ ಖನಿಜ ಮಿಶ್ರಣ ಹಾಕಬೇಡಿ, ತಾಮ್ರ ಯಕೃತ್ತಿನಲ್ಲಿ ಕೂಡುತ್ತಾ ಹೋಗಿ ಕುರಿ ಸಾಯುತ್ತದೆ.

ಕಣ್ಣಿನ ರೆಪ್ಪೆ ಬಿಡಿಸಿ ನೋಡುವ ಪರೀಕ್ಷೆ ಹೀಮಾಂಕಸ್‌ಗೆ ಮಾತ್ರ. ರೆಪ್ಪೆ ಬಿಳಿಚಿ ಗದ್ದದ ಕೆಳಗೆ ನೀರು ತುಂಬಿದರೆ ಅದರ ಗುರುತು. ರೆಪ್ಪೆ ಕೆಂಪಗಿದ್ದು ಬಾಲದ ಕೆಳಗೆ ಉಣ್ಣೆ ಕಪ್ಪು ಭೇದಿಯಿಂದ ಅಂಟಿದ್ದರೆ ಟ್ರೈಕೋಸ್ಟ್ರಾಂಜಿಲಸ್ ನೆನಪಾಗಬೇಕು.

ಹಿಕ್ಕೆಯಲ್ಲಿನ ಹುಳದ ಮೊಟ್ಟೆ ಎಣಿಕೆಗೆ 3 ಗ್ರಾಂ ಹಿಕ್ಕೆಯನ್ನು 42 ಮಿ.ಲೀ. ಗಾಢ ಉಪ್ಪುನೀರಿನಲ್ಲಿ ಅರೆದು ಸೋಸಿ, ಮ್ಯಾಕ್‌ಮಾಸ್ಟರ್ ಗಾಜಿನ (ಸೂಕ್ಷ್ಮದರ್ಶಕದ ಕೆಳಗೆ ಮೊಟ್ಟೆ ಎಣಿಸಲು ಗೆರೆ ಹಾಕಿದ ಸ್ಲೈಡಿನ) ಎರಡೂ ಕೋಣೆಗಳಲ್ಲಿ ಎಣಿಸಿ 50ರಿಂದ ಗುಣಿಸಿ. 24 ಸಿಕ್ಕರೆ ಗ್ರಾಂಗೆ 1200. ಎಡವುವುದು ಇದರ ಅರ್ಥ ಹೇಳುವಾಗ. ಎರಡೂ ಹುಳಗಳ ಮೊಟ್ಟೆ ನೋಡಲು ಒಂದೇ ಥರ, ಆದರೆ ಹೀಮಾಂಕಸ್ ಹೆಣ್ಣು ದಿನಕ್ಕೆ 5,000ಕ್ಕೂ ಹೆಚ್ಚು ಇಡುತ್ತದೆ, ಟ್ರೈಕೋಸ್ಟ್ರಾಂಜಿಲಸ್ ಇನ್ನೂರರೊಳಗೆ. ಹಾಗಾಗಿ 400 ಎಂಬ ಅಂಕಿ ಒಂದಕ್ಕೆ ಹಗುರ, ಇನ್ನೊಂದಕ್ಕೆ ಭಾರ. ಹಿಕ್ಕೆಯನ್ನು ಒಂದು ವಾರ ತೇವದಲ್ಲಿಟ್ಟು ಮರಿಹುಳ ಬೆಳೆಸಿ ನೋಡಿದರೇ ಜಾತಿ ತಿಳಿಯುವುದು.

ಜಂತುಹುಳದ ಔಷಧಿ ಫೆನ್‌ಬೆಂಡಜೋಲ್ ಆದರೆ ಕೆ.ಜಿ.ಗೆ 5 ಮಿ.ಗ್ರಾಂ: ಶೇ. 2.5ರ ದ್ರಾವಣ 15 ಕೆ.ಜಿ. ಮರಿಗೆ 3 ಮಿ.ಲೀ. ಕಣ್ಣಂದಾಜು ಬೇಡ, ಗುಂಪಿನ ಅತಿ ಭಾರದ ಮರಿಯನ್ನು ತೂಗಿ ಡೋಸ್ ಹಾಕಿ. ಔಷಧಿ ನಾಲಿಗೆಯ ಹಿಂಭಾಗಕ್ಕೆ ಬೀಳಬೇಕು. ಬಾಯಿಯ ಮುಂದೆ ಸುರಿದರೆ ಅನ್ನನಾಳದ ಕೊನೆಯ ತೋಡು ಮಡಚಿ ಕೊಳವೆಯಾಗಿ, ಔಷಧಿ ಮೊದಲ ಹೊಟ್ಟೆ ತಪ್ಪಿಸಿ ಬೇಗ ಹರಿದುಹೋಗುತ್ತದೆ. 10ರಿಂದ 14 ದಿನಕ್ಕೆ ಮತ್ತೆ ಎಣಿಸಿ. ಮೊಟ್ಟೆ ಶೇ. 95ರಷ್ಟು ಇಳಿಯದಿದ್ದರೆ ಹುಳಕ್ಕೆ ಔಷಧಿ ನಾಟುತ್ತಿಲ್ಲ ಎಂಬ ಸಂಶಯ ಬರಬೇಕು, ಪಶುವೈದ್ಯರನ್ನು ಕೇಳಿ ಬೇರೆ ಗುಂಪಿನ ಔಷಧಿಗೆ ಹೋಗಿ.

ರಂಜಕಕ್ಕೆ ಗೋಧಿ ಬೂಸಾ ಒಳ್ಳೆಯದು, ಆದರೆ ಹುಳ ಇಳಿದ ಮೇಲೆ. ಟಗರುಮರಿಗಳಿಗೆ ಬೂಸಾ ಒಂದನ್ನೇ ಸುರಿದರೆ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಕ್ಯಾಲ್ಸಿಯಂ ರಂಜಕದ ಎರಡು ಪಟ್ಟು ಇರುವಂತೆ ಶೇಂಗಾ ಹೊಟ್ಟು ಬೆರೆಸಿ, ನೀರು ಸದಾ ಇರಲಿ.